ಮರೆತ ನಿಯಮ, ಹೊರಗಿನವರ ಸಲಹೆ: ಹುಲಿ–ಕುರಿ ಮಣೆಯ ಸುತ್ತ ಕೆಲವು ವಿಚಾರಗಳು

ಬೇಸಿಗೆ ರಜೆ ಬಂದೊಡನೆ ನಾರಾಯಣಪೇಟೆ, ಮಕ್ತಲ್, ಗದ್ವಾಲ ಭಾಗದ ಹಳ್ಳಿಗಳ ಕಟ್ಟೆಗಳ ಮೇಲೆ ಸೀಮೆಸುಣ್ಣದ ಗೆರೆಗಳು ಮೂಡುತ್ತವೆ. ಒಂದೆಡೆ ಚೌಕಾಬಾರದ ಇಪ್ಪತ್ತೈದು ಮನೆ, ಇನ್ನೊಂದೆಡೆ ಹುಲಿ–ಕುರಿಯ ತ್ರಿಕೋನ. ಆಡುವವರು ಇಬ್ಬರು, ಸುತ್ತ ನಿಂತವರು ಹತ್ತು ಮಂದಿ. ಅರ್ಧ ಗಂಟೆಯೊಳಗೆ ಜಗಳ. ‘ಎಲ್ಲಾ ಕುರಿ ಇಡೋ ತನಕ ಇಟ್ಟ ಕುರಿ ನಡೆಸಬಾರದು’ ಎಂದು ಒಬ್ಬನಿಗೆ ಆಗ ನೆನಪಾಗುತ್ತದೆ. ಅಷ್ಟರಲ್ಲಿ ನಾಲ್ಕು ನಡೆ ಮುಗಿದಿರುತ್ತದೆ. ಹಿಂದೆ ನಿಂತ ದೊಡ್ಡವರೊಬ್ಬರು ‘ಅಲ್ಲಿ ಇಡು, ಅಲ್ಲಿ ಇಟ್ಟರೆ ಹುಲಿ ಕಟ್ಟಿತು’ ಎನ್ನುತ್ತಾರೆ. ಎದುರಾಳಿ ಕಲ್ಲುಗಳನ್ನು ಚೆಲ್ಲಿ ಎದ್ದು ಹೋಗುತ್ತಾನೆ.

ಇದನ್ನು ಮಕ್ಕಳ ಜಗಳವೆಂದು ತಳ್ಳಿಹಾಕುವುದು ಸುಲಭ. ಆದರೆ ಆಟದ ನಡುವೆ ನಿಯಮ ನೆನಪಾದರೆ ಏನು ಮಾಡಬೇಕು, ನೋಡುವವರು ಎಲ್ಲಿಯವರೆಗೆ ಮಾತನಾಡಬಹುದು ಎಂಬ ಎರಡು ಪ್ರಶ್ನೆಗಳನ್ನು ಜಗತ್ತಿನ ಎಲ್ಲ ಯುದ್ಧದಾಟಗಳೂ ಎದುರಿಸಿವೆ. ಅವಕ್ಕೆ ಉತ್ತರಗಳನ್ನೂ ಕಂಡುಕೊಂಡಿವೆ. ಕನ್ನಡ ಮಾಧ್ಯಮದ ಮಕ್ಕಳ ಮನೆಗಳಲ್ಲಿ ಈ ಪ್ರಶ್ನೆಗಳಿಗೆ ಇನ್ನೂ ಒಂದು ತೂಕವಿದೆ. ಅದನ್ನು ಮುಂದೆ ಹೇಳುತ್ತೇನೆ.

ಹುಲಿ–ಕುರಿಯನ್ನು ಯುದ್ಧದಾಟವೆಂದು ಕರೆಯುವುದರಲ್ಲಿ ಉತ್ಪ್ರೇಕ್ಷೆಯಿಲ್ಲ. ಇದು ಅಸಮಬಲಗಳ ಯುದ್ಧ. ತ್ರಿಕೋನದ ಮಣೆಯಲ್ಲಿ ಗೆರೆಗಳು ಕೂಡುವ 23 ಬಿಂದುಗಳು; ಮೂರು ಹುಲಿ, ಹದಿನೈದು ಕುರಿ. ಹುಲಿ ಪಕ್ಕದ ಕುರಿಯನ್ನು ನೇರ ಗೆರೆಯಲ್ಲಿ ಹಾರಿ, ಆಚೆಯ ಖಾಲಿ ಬಿಂದುವಿಗೆ ಇಳಿದು ಕೊಲ್ಲುತ್ತದೆ. ಕುರಿಗೆ ಕೊಲ್ಲುವ ಶಕ್ತಿಯಿಲ್ಲ; ಒಟ್ಟುಗೂಡಿ ಹುಲಿಗಳು ಅಲುಗದಂತೆ ಕಟ್ಟಿಹಾಕುವುದೊಂದೇ ಅದರ ದಾರಿ. ನೇಪಾಳದ ಬಾಗ್ ಚಾಲ್ ಇದರ ಬಂಧು: ಅಲ್ಲಿ 25 ಬಿಂದು, ನಾಲ್ಕು ಹುಲಿ, ಇಪ್ಪತ್ತು ಆಡು. ನಮ್ಮ ತೆಲುಗು ನೆರೆಯವರು ಇದೇ ಆಟವನ್ನು ಪುಲಿ–ಮೇಕ ಎನ್ನುತ್ತಾರೆ. ಒಂದೇ ಕಲ್ಲು ಈ ಓಣಿಯಲ್ಲಿ ಕುರಿ, ಮುಂದಿನ ಓಣಿಯಲ್ಲಿ ಆಡು! ಇಂಥ ಮಣೆಗಳನ್ನು ಹಂಪಿಯ ಮಂಟಪಗಳ ನೆಲಗಲ್ಲಿನ ಮೇಲೆ ಕೊರೆದಿರುವುದನ್ನು ಇಂದಿಗೂ ಕಾಣಬಹುದು. ಮಣೆ ಕಲ್ಲಿನಲ್ಲಿ ಉಳಿಯಿತು. ನಿಯಮ ಮಾತ್ರ ಬಾಯಿಂದ ಬಾಯಿಗೆ ಬಂದದ್ದು. ಆದ್ದರಿಂದಲೇ ಅದು ಮರೆಯುತ್ತದೆ.

ಮರೆವು ಎಂದು ನಾವು ಕರೆಯುವುದೆಲ್ಲ ಮರೆವಲ್ಲ ಎಂಬುದನ್ನು ಮೊದಲು ಗುರುತಿಸಬೇಕು. ನಮ್ಮ ಸೀಮೆಯ ಚರಿತ್ರೆಯೇ ಅಂಥದು. ಗದ್ವಾಲ ಮತ್ತು ಆಲಂಪುರ ತಾಲೂಕುಗಳು ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ರಾಯಚೂರು ಜಿಲ್ಲೆಗೆ ಸೇರಿದ್ದವು. 1956ರ ನವೆಂಬರ್ 1ರ ರಾಜ್ಯ ಪುನರ್ವಿಂಗಡಣೆಯಲ್ಲಿ ರಾಯಚೂರು ಮೈಸೂರು ರಾಜ್ಯಕ್ಕೆ ಹೋಯಿತು, ಈ ಎರಡು ತಾಲೂಕುಗಳು ಆಂಧ್ರಪ್ರದೇಶಕ್ಕೆ ಬಂದವು. ಗೆರೆ ಎಳೆದವರು ಬಾಂಧವ್ಯಗಳನ್ನು ಕತ್ತರಿಸಲಾಗಲಿಲ್ಲ. ಸೊಸೆ ರಾಯಚೂರು ಕಡೆಯಿಂದ ಬರುತ್ತಾಳೆ, ಮಗಳು ಯಾದಗಿರಿ ಕಡೆಗೆ ಹೋಗುತ್ತಾಳೆ, ಮಾವನ ಊರು ಮಕ್ತಲ್. ಒಂದೇ ಅಂಗಳದಲ್ಲಿ ರಜೆಗೆ ಕೂಡಿದ ಐದು ಮಕ್ಕಳು ಐದು ಊರಿನ ನಿಯಮಗಳನ್ನು ತಂದಿರುತ್ತಾರೆ. ಹುಲಿ ಒಂದೇ ಸರದಿಯಲ್ಲಿ ಎರಡು ಕುರಿಗಳನ್ನು ಹಾರಬಹುದೇ? ಕೊಲ್ಲಲು ಅವಕಾಶವಿದ್ದಾಗ ಹುಲಿ ಕೊಲ್ಲಲೇಬೇಕೇ, ಬಿಟ್ಟು ಬೇರೆ ನಡೆ ನಡೆಯಬಹುದೇ? ಎಷ್ಟು ಕುರಿ ಸತ್ತರೆ ಹುಲಿ ಗೆದ್ದಂತೆ? ಊರಿಗೊಂದು ಲೆಕ್ಕ. ಹೀಗಿರುವಾಗ ‘ನೀನು ನಿಯಮ ಮರೆತಿದ್ದೀ’ ಎನ್ನುವುದು ಎಷ್ಟೋ ಸಲ ‘ನೀನು ನಮ್ಮ ಊರಿನವನಲ್ಲ’ ಎನ್ನುವುದರ ಇನ್ನೊಂದು ರೂಪ.

ಚದುರಂಗದಲ್ಲಿಯೂ ಇದೇ ಕಥೆ. ಶಾಲೆಯಲ್ಲಿ ಚೆಸ್ ಕಲಿತ ಹುಡುಗಿ ಪದಾತಿಯನ್ನು ಮೊದಲ ನಡೆಯಲ್ಲಿ ಎರಡು ಮನೆ ಮುಂದಿಡುತ್ತಾಳೆ. ಅಜ್ಜ ‘ಹಾಗೆ ಬರುವುದಿಲ್ಲವ್ವ, ಒಂದೇ ಮನೆ’ ಎನ್ನುತ್ತಾರೆ. ಸ್ವಲ್ಪ ಹೊತ್ತಿಗೆ ಅಜ್ಜ ರಾಜನನ್ನು ಕುದುರೆಯಂತೆ ಹಾರಿಸುತ್ತಾರೆ. ಈಗ ಹುಡುಗಿ ತಡೆಯುತ್ತಾಳೆ. ಇಬ್ಬರೂ ಮರೆತಿಲ್ಲ. ಭಾರತದ ಹಳೆಯ ಪದ್ಧತಿಯ ಚದುರಂಗದಲ್ಲಿ ಪದಾತಿಗೆ ಎರಡು ಮನೆಯ ಜಿಗಿತವಿರಲಿಲ್ಲ, ರಾಜ ಒಂದು ಆಟದಲ್ಲಿ ಒಮ್ಮೆ ಕುದುರೆಯ ನಡೆ ನಡೆಯಬಹುದಿತ್ತು, ಕೊನೆಯ ಮನೆ ಮುಟ್ಟಿದ ಪದಾತಿ ಆ ಸಾಲಿನ ಕಾಯಿಯಾಗಿ ಬದಲಾಗುತ್ತಿತ್ತು. ಹುಡುಗಿ ಕಲಿತದ್ದು 1924ರಲ್ಲಿ ಪ್ಯಾರಿಸಿನಲ್ಲಿ ಹುಟ್ಟಿದ ಫಿಡೆ ಸಂಸ್ಥೆಯ ನಿಯಮಗಳನ್ನು. ಇಂಥ ವ್ಯತ್ಯಾಸಗಳಿಗೆ ಮದ್ದು ಒಂದೇ: ಮೊದಲ ಕಲ್ಲು ಇಡುವ ಮುನ್ನ ‘ಯಾವ ಊರಿನ ಆಟ?’ ಎಂದು ಕೇಳಿ ತೀರ್ಮಾನಿಸುವುದು. ಒಂದು ಆಟ ನಿಮ್ಮ ಊರಿನದು, ಮುಂದಿನದು ನಮ್ಮ ಊರಿನದು ಎಂದರೂ ಆದೀತು. ಅಜ್ಜನ ಚದುರಂಗವನ್ನು ತಪ್ಪೆಂದು ಹೇಳುವ ಅಧಿಕಾರ ಶಾಲೆಗೂ ಇಲ್ಲ.

ಇನ್ನು ನಿಜವಾದ ಮರೆವಿಗೆ ಬರೋಣ. ಇಲ್ಲಿ ಒಂದು ಭೇದವನ್ನು ಮಕ್ಕಳಿಗೆ ಬಿಡಿಸಿ ಹೇಳಿದರೆ ಅರ್ಧ ಜಗಳ ತೀರುತ್ತದೆ. ಕೆಲವು ನಿಯಮಗಳು ಕಟ್ಟುಪಾಡುಗಳು. ಕೆಲವು ಆಟಗಾರನ ಹಕ್ಕುಗಳು. ಕಟ್ಟುಪಾಡನ್ನು ಮುರಿದರೆ ಆಟವೇ ಕೆಡುತ್ತದೆ, ಆದ್ದರಿಂದ ಸರಿಪಡಿಸಬೇಕು. ಹಕ್ಕನ್ನು ಬಳಸಲು ಮರೆತರೆ ನಷ್ಟ ಮರೆತವನದೇ, ಅದನ್ನು ಹಿಂದಕ್ಕೆ ಹೋಗಿ ವಸೂಲು ಮಾಡುವಂತಿಲ್ಲ. ಚೌಕಾಬಾರದಲ್ಲಿ ನಾಲ್ಕು ಕವಡೆಯೂ ಅಂಗಾತ ಬಿದ್ದು ಚೌಕವಾದರೆ, ಇಲ್ಲವೇ ನಾಲ್ಕೂ ಬೋರಲು ಬಿದ್ದು ಎಂಟಾದರೆ ಇನ್ನೊಮ್ಮೆ ಹಾಕುವ ಹಕ್ಕುಂಟು. ಹಾಕದೆ ಕವಡೆ ದಾಟಿಸಿದಿರಿ, ಮುಂದಿನವರು ಹಾಕಿಬಿಟ್ಟರು ಎಂದರೆ ಆ ಹಕ್ಕು ಹೋಯಿತು. ಆದರೆ ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಹೋಗಬಾರದೆಂಬುದು ಕಟ್ಟುಪಾಡು. ಕಡಿಯದವರ ಕಾಯಿ ಒಳಗೆ ಕಂಡರೆ, ಎಷ್ಟೇ ತಡವಾಗಿ ಕಂಡರೂ, ಹೊರಸುತ್ತಿಗೆ ಬರಲೇಬೇಕು. ಅಂತರರಾಷ್ಟ್ರೀಯ ಚೆಸ್ಸಿನಲ್ಲೂ ಹೀಗೆಯೇ. ಎರಡು ಮನೆ ಜಿಗಿದು ಪಕ್ಕಕ್ಕೆ ಬಂದ ಪದಾತಿಯನ್ನು ದಾರಿಯಲ್ಲೇ ಹೊಡೆಯುವ ಹಕ್ಕು ಆ ಕೂಡಲೇ ಬರುವ ಒಂದು ನಡೆಗೆ ಮಾತ್ರ ಉಂಟು. ಮರೆತರೆ ಮುಗಿಯಿತು.

ಕಟ್ಟುಪಾಡು ಮುರಿದದ್ದು ತಡವಾಗಿ ಕಂಡರೆ ಎಷ್ಟು ಹಿಂದಕ್ಕೆ ಹೋಗಬೇಕು? ಫಿಡೆಯ ನಿಯಮಾವಳಿ ಇಲ್ಲಿ ಬಹಳ ವಿವೇಕದ್ದಾಗಿದೆ. ಅಕ್ರಮ ನಡೆ ನಡೆದಿದ್ದರೆ ಅದಕ್ಕೆ ಮುಂಚಿನ ಸ್ಥಿತಿಗೆ ಮಣೆಯನ್ನು ಮರಳಿಸಬೇಕು. ಆ ಸ್ಥಿತಿ ಖಚಿತವಾಗಿ ತಿಳಿಯದಿದ್ದರೆ, ಅದಕ್ಕೂ ಮುಂಚೆ ಖಚಿತವಾಗಿ ಗುರುತಿಸಬಲ್ಲ ಕೊನೆಯ ಸ್ಥಿತಿಯಿಂದ ಆಟ ಮುಂದುವರಿಯಬೇಕು. ಮೊದಲ ಸಲ ಅಕ್ರಮ ನಡೆ ನಡೆದವನಿಗೆ ಸೋಲಿಲ್ಲ, ಎದುರಾಳಿಗೆ ಎರಡು ನಿಮಿಷ ಹೆಚ್ಚು ಸಮಯ ಸಿಗುತ್ತದೆ. ಎರಡನೆಯ ಸಲವಾದರೆ ಸಾಮಾನ್ಯವಾಗಿ ಸೋಲು. ಇನ್ನೊಂದು ನಿಯಮ ನನಗೆ ತುಂಬ ಹಿಡಿಸಿದ್ದು. ಬಿಳಿ ಯಾರದು, ಕಪ್ಪು ಯಾರದು ಎಂಬುದೇ ಅದಲುಬದಲಾಗಿ ಆಟ ಶುರುವಾಗಿದ್ದರೆ, ಇಬ್ಬರೂ ಹತ್ತು ನಡೆ ಮುಗಿಸುವ ಮುನ್ನ ತಿಳಿದಲ್ಲಿ ಹೊಸದಾಗಿ ಆಡಬೇಕು. ಹತ್ತು ದಾಟಿದ್ದರೆ ಹಾಗೆಯೇ ಮುಂದುವರಿಯಬೇಕು. ತಪ್ಪಿಗೂ ಒಂದು ಅವಧಿಯುಂಟು. ಅದು ಮೀರಿದರೆ ಇಬ್ಬರೂ ಸುರಿದ ಬುದ್ಧಿ ಮತ್ತು ಶ್ರಮವೇ ಹೆಚ್ಚಿನದು ಎಂಬ ಭಾವ ಇದರಲ್ಲಿದೆ.

ಚೆಸ್ ಪಂದ್ಯಗಳಲ್ಲಿ ಪ್ರತಿ ನಡೆಯನ್ನೂ ಬರೆದಿಡುತ್ತಾರೆ, ಆದ್ದರಿಂದ ಹಿಂದಕ್ಕೆ ಹೋಗಬಹುದು. ಕಟ್ಟೆಯ ಮೇಲಿನ ಹುಲಿ–ಕುರಿಯಲ್ಲಿ ಬರಹವಿಲ್ಲ. ಆದರೆ ಲೆಕ್ಕವುಂಟು. ಮಣೆಯ ಮೇಲಿನ ಕುರಿ, ಕೈಯಲ್ಲಿರುವ ಕುರಿ, ಸತ್ತ ಕುರಿ ಈ ಮೂರನ್ನು ಕೂಡಿಸಿದರೆ ಯಾವಾಗಲೂ ಹದಿನೈದೇ ಬರಬೇಕು. ಹದಿನಾಲ್ಕು ಬಂದರೆ ಒಂದು ಕಲ್ಲು ಯಾರದೋ ಚಾಪೆಯಡಿ ಸೇರಿದೆ! ಇನ್ನೂ ಒಂದು ಲೆಕ್ಕ: ಒಂದೂ ಕುರಿ ಸಾಯದೆ ಹದಿನೈದನ್ನೂ ಇಟ್ಟು ಮುಗಿದಾಗ ಮಣೆಯಲ್ಲಿ ಹದಿನೆಂಟು ಬಿಂದು ತುಂಬಿ ಐದೇ ಖಾಲಿ ಉಳಿಯುತ್ತವೆ. ಖಾಲಿ ಬಿಂದುಗಳನ್ನು ಎಣಿಸಿದರೆ ಸತ್ತ ಕುರಿಗಳ ವಿಷಯದ ವಾದ ಅಲ್ಲಿಗೇ ನಿಲ್ಲುತ್ತದೆ. ನಾಲ್ಕನೆಯ ತರಗತಿಯ ಮಗುವಿಗೆ ಸಮೀಕರಣ ಕಲಿಸಲು ಇದಕ್ಕಿಂತ ಒಳ್ಳೆಯ ಕಪ್ಪುಹಲಗೆ ನನಗೆ ಸಿಕ್ಕಿಲ್ಲ.

ಮೇಲೆ ಹೇಳಿದ ಜಗಳಕ್ಕೆ, ಅಂದರೆ ಹನ್ನೊಂದು ಕುರಿ ಇಟ್ಟಿರುವಾಗಲೇ ಇಟ್ಟ ಕುರಿಯೊಂದನ್ನು ನಡೆಸಿ, ಅದು ನಾಲ್ಕು ನಡೆಯ ಮೇಲೆ ತಿಳಿದದ್ದಕ್ಕೆ, ನನ್ನ ತೀರ್ಪು ಹೀಗೆ. ನಡೆಸಿದ ಕುರಿಯನ್ನು ಇಬ್ಬರೂ ಗುರುತಿಸಬಲ್ಲರೆ, ಅದರ ಹಳೆಯ ಬಿಂದು ಇನ್ನೂ ಖಾಲಿಯಿದ್ದರೆ, ಈ ನಡುವೆ ಯಾವ ಕುರಿಯೂ ಸತ್ತಿಲ್ಲವಾದರೆ ಅದನ್ನು ಮರಳಿಸಿ ಆಡಬಹುದು. ಸಾವು ಸಂಭವಿಸಿದ್ದರೆ ಬೇಡ. ಒಂದನ್ನು ಹಿಂದಕ್ಕಿಟ್ಟರೆ ಉಳಿದದ್ದೆಲ್ಲ ಅರ್ಥ ಕಳೆದುಕೊಳ್ಳುತ್ತದೆ. ಆಗ ‘ಇಲ್ಲಿಂದ ಮುಂದೆ ನಿಯಮ’ ಎಂದು ಸಾರಿ ಮುಂದುವರಿಯಬೇಕು. ಎದುರಾಳಿ ಅದನ್ನು ಮೊದಲೇ ಕಂಡು, ತನಗೆ ಅನುಕೂಲವಾಗುವ ತನಕ ಸುಮ್ಮನಿದ್ದು, ಸೋಲುವ ಹೊತ್ತಿಗೆ ಬಾಯಿ ತೆರೆದನೆಂದು ತೋರಿದರೆ? ಮನಸ್ಸಿನೊಳಗಿನದನ್ನು ಯಾರೂ ಸಾಬೀತು ಮಾಡಲಾರರು. ಅದಕ್ಕೇ ತಪ್ಪು ಕಂಡೊಡನೆ ಹೇಳಬೇಕು, ಹೇಳದಿದ್ದರೆ ಒಪ್ಪಿದಂತೆ ಎಂಬ ಮಾತು ಆಟಕ್ಕೆ ಮೊದಲೇ ಆಗಿರಬೇಕು.

ಯಾವುದೂ ನೆನಪಿಲ್ಲದೆ, ಇಬ್ಬರೂ ಪಟ್ಟು ಬಿಡದಿದ್ದಾಗ? 1824ರಲ್ಲಿ ಪ್ರಷ್ಯದ ಸೈನ್ಯಾಧಿಕಾರಿ ಜಾರ್ಜ್ ಹೈನ್‌ರಿಕ್ ರುಡಾಲ್ಫ್ ಫಾನ್ ರೈಸ್‌ವಿಟ್ಸ್ ತನ್ನ ತಂದೆ ಆರಂಭಿಸಿದ್ದ ಯುದ್ಧದಾಟವನ್ನು ಪರಿಷ್ಕರಿಸಿ ಕ್ರೀಗ್‌ಸ್‌ಪೀಲ್ ಎಂಬ ಹೆಸರಿನಲ್ಲಿ ಪ್ರಕಟಿಸಿದ. ನಕಾಶೆಯ ಮೇಲೆ ಸೈನ್ಯದ ತುಂಡುಗಳನ್ನು ನಡೆಸುವ ಆಟ. ನಡುವೆ ಒಬ್ಬ ಮಧ್ಯಸ್ಥ. ನಿಯಮಗಳು ಎಷ್ಟು ಬೆಳೆದವೆಂದರೆ ಕೋಷ್ಟಕ ನೋಡುವುದರಲ್ಲಿಯೇ ಹೊತ್ತು ಹೋಗತೊಡಗಿತು. 1876ರಲ್ಲಿ ಫೆರ್ಡಿ ದು ವೆರ್ನ್ವಾ ಎಂಬ ಸೇನಾನಿ, ಅನುಭವಿ ಮಧ್ಯಸ್ಥನ ವಿವೇಚನೆಯೇ ಸಾಕು, ಕೋಷ್ಟಕಗಳನ್ನು ಬದಿಗಿಡಿ ಎಂಬ ಪಕ್ಷವನ್ನು ಹಿಡಿದ. ನಮ್ಮ ಕಟ್ಟೆಗಳಲ್ಲಿ ಹಿರಿಯ ಅಜ್ಜಿಯೊಬ್ಬರು ಕುಳಿತು ‘ಅದು ಬರತದ, ಇದು ಬರಂಗಿಲ್ಲ’ ಎನ್ನುವುದು ಇದೇ ಪದ್ಧತಿ. ಅಜ್ಜಿ ಇಲ್ಲದ ಕಡೆ ಕವಡೆ ಇದೆ. ಇಂಗ್ಲೆಂಡಿನಲ್ಲಿ 1983ರಲ್ಲಿ ಬಂದ ವಾರ್‌ಹ್ಯಾಮರ್ ಎಂಬ ಗೊಂಬೆಸೈನ್ಯದ ಆಟವನ್ನು ಆಡುವವರಲ್ಲಿ, ನಿಯಮದ ವಾದ ಬಗೆಹರಿಯದಿದ್ದರೆ ದಾಳ ಹಾಕಿ, ಬಂದದ್ದನ್ನು ಒಪ್ಪಿ, ಆಟ ಮುಂದುವರಿಸುವ ರೂಢಿಯಿದೆ. ಪುಸ್ತಕ ಹುಡುಕುವುದು ಆಟ ಮುಗಿದ ಮೇಲೆ. ನಮ್ಮಲ್ಲಿ ಒಂದು ಕವಡೆ ಸಾಕು: ಅಂಗಾತ ಬಿದ್ದರೆ ನಿನ್ನ ಮಾತು, ಬೋರಲಾದರೆ ನನ್ನದು. ಸಂಜೆಗೆ ಹಿರಿಯರನ್ನು ಕೇಳಿ ಸರಿಯಾದುದನ್ನು ತಿಳಿದುಕೊಳ್ಳಬೇಕು, ಆದರೆ ಮುಗಿದ ಆಟದ ಫಲವನ್ನು ಬದಲಿಸಬಾರದು.

ಈಗ ಹೊರಗೆ ನಿಂತವರ ವಿಷಯ. ಪಾಲಕರಿಗೆ ಹೇಳಬೇಕಾದದ್ದು ಹೆಚ್ಚಾಗಿ ಇದೇ.

ಫಿಡೆಯ ನಿಯಮ ಇಲ್ಲಿ ಕಠಿಣ. ಆಟಗಾರ ಯಾರಿಂದಲೂ ಸಲಹೆ ಪಡೆಯುವಂತಿಲ್ಲ. ಪ್ರೇಕ್ಷಕ ಆಟದಲ್ಲಿ ತಲೆಹಾಕುವಂತಿಲ್ಲ. ಅಕ್ರಮ ನಡೆ ಕಂಡರೂ ಅದನ್ನು ಪಂಚನಿಗೆ ಮಾತ್ರ ತಿಳಿಸಬಹುದು, ಆಟಗಾರನಿಗಲ್ಲ. ಮೀರಿದವರನ್ನು ಪಂಚ ಹೊರಗೆ ಕಳಿಸಬಹುದು. ಕಟ್ಟೆಯ ಆಟಕ್ಕೆ ಇಷ್ಟು ಬಿಗಿ ಬೇಡ, ಸುತ್ತಲ ಮಾತು ನಗೆ ಇಲ್ಲದ ಹುಲಿ–ಕುರಿ ಎಂಥ ಹುಲಿ–ಕುರಿ? ಆದರೂ ಒಂದು ಗೆರೆಯನ್ನು ಎಳೆಯಲೇಬೇಕು. ನಿಯಮವನ್ನು ಹೇಳುವುದು ಬೇರೆ, ನಡೆಯನ್ನು ಹೇಳುವುದು ಬೇರೆ. ‘ಹುಲಿ ಅಡ್ಡ ಹಾರುವಂತಿಲ್ಲ, ಅಲ್ಲಿ ಗೆರೆಯಿಲ್ಲ’ ಎಂಬುದು ನಿಯಮ. ಇಬ್ಬರಿಗೂ ಸಮನಾಗಿ ಸಲ್ಲುತ್ತದೆ. ‘ಬಲಗಡೆ ಮೂಲೆ ಮುಚ್ಚು’ ಎಂಬುದು ನಡೆ. ಒಬ್ಬನ ಆಟವನ್ನು ಕಸಿದು ಇನ್ನೊಬ್ಬನ ಮೇಲೆ ಇಬ್ಬರನ್ನು ಹೂಡಿದಂತೆ. ಹಿರಿಯರು ಮೊದಲನೆಯದನ್ನು ಹೇಳಬಹುದು, ಅದೂ ಇಬ್ಬರಿಗೂ ಕೇಳುವಂತೆ. ಎರಡನೆಯದಕ್ಕೆ ಬಾಯಿ ಹಾಕಬಾರದು.

ಬಾಯಿ ಹಾಕದೆಯೂ ಸಲಹೆ ಕೊಡುವವರಿದ್ದಾರೆ. ಮಗ ಕಲ್ಲನ್ನು ಒಂದು ಬಿಂದುವಿನ ಮೇಲೆ ಹಿಡಿದೊಡನೆ ‘ಹ್ಞಾ’ ಎಂದು ಗಂಟಲು ಸರಿಪಡಿಸುವ ಅಪ್ಪ, ‘ಅಯ್ಯೋ’ ಎಂದು ನಿಟ್ಟುಸಿರು ಬಿಡುವ ಕಾಕಾ, ಮೊಣಕೈಯಿಂದ ತಿವಿಯುವ ಅಕ್ಕ. ಮಗು ಮಣೆಯನ್ನು ನೋಡುವುದನ್ನು ಬಿಟ್ಟು ಮುಖಗಳನ್ನು ನೋಡಲು ಕಲಿಯುತ್ತದೆ. ಹುಲಿ–ಕುರಿಯಲ್ಲಿ ಇದರ ಹಾನಿ ಒಂದು ಕಡೆಗೆ ಹೆಚ್ಚು. ಹುಲಿಯ ಆಟಗಾರ ಹುಡುಕಬೇಕಾದದ್ದು ಹಿಂದೆ ಖಾಲಿಯಿರುವ ಕುರಿಯನ್ನು. ಅದು ಬೇಗ ಕಣ್ಣಿಗೆ ಬೀಳುತ್ತದೆ. ಕುರಿಯ ಆಟಗಾರ ಮಾತ್ರ ಇಡೀ ಮಣೆಯನ್ನು ಒಟ್ಟಿಗೆ ಮನಸ್ಸಿನಲ್ಲಿ ಹಿಡಿಯಬೇಕು, ತಾಳ್ಮೆಯಿಂದ ಗೋಡೆ ಕಟ್ಟಬೇಕು. ಹೊರಗಿನವರ ಒಂದು ಮಾತು ಆ ಕಟ್ಟಡವನ್ನೇ ಮಗುವಿನ ಕೈಯಿಂದ ಕಿತ್ತುಕೊಳ್ಳುತ್ತದೆ. ಕುರಿ ಗೆದ್ದರೂ ಮಗುವಿಗೆ ಗೆದ್ದದ್ದು ತಾನಲ್ಲವೆಂದು ಗೊತ್ತಿರುತ್ತದೆ.

ಸಲಹೆ ಬಿದ್ದೇಬಿಟ್ಟಿತೆನ್ನಿ. ಕೇಳಿದ್ದನ್ನು ಕೇಳದಂತೆ ಮಾಡಲಾಗದು. ‘ಆ ನಡೆಯನ್ನು ಈಗ ಆಡಬಾರದು’ ಎಂದು ಕೆಲವರು ತಡೆಯುತ್ತಾರೆ. ಅದು ಅನ್ಯಾಯ, ಮಗು ತಾನಾಗಿಯೇ ಅದನ್ನು ಯೋಚಿಸಿದ್ದಿರಬಹುದು. ಮಾತು ಇಬ್ಬರಿಗೂ ಕೇಳಿಸಿದ್ದರೆ ಆಟ ಮುಂದುವರಿಯಲಿ. ಒಬ್ಬನ ಕಿವಿಯಲ್ಲಿ ಮಾತ್ರ ಪಿಸುಗುಟ್ಟಿದ್ದರೆ, ಪಿಸುಗುಟ್ಟಿದವರು ಅದನ್ನೇ ಎಲ್ಲರಿಗೂ ಕೇಳುವಂತೆ ಹೇಳಬೇಕು. ಎರಡನೆಯ ಸಲ ಬಾಯಿ ಹಾಕಿದವರು ಮುಂದಿನ ಆಟಕ್ಕೆ ತಾವೇ ಕುಳಿತು, ಈಗ ಸುಮ್ಮನಿದ್ದ ಮಕ್ಕಳ ಎದುರು ಆಡಿ ತೋರಿಸಬೇಕು. ನನ್ನ ತರಗತಿಯ ಮಕ್ಕಳು ಈ ಕೊನೆಯ ನಿಯಮವನ್ನು ಬಹಳ ಹುರುಪಿನಿಂದ ಜಾರಿ ಮಾಡುತ್ತಾರೆ, ಶಿಕ್ಷಕರನ್ನೂ ಬಿಡುವುದಿಲ್ಲ. ಹೊರಗೆ ನಿಂತಾಗ ಎಲ್ಲ ಕಂಡವರಿಗೆ ಮಣೆಯ ಮುಂದೆ ಕುಳಿತಾಗ ಅಷ್ಟೇನೂ ಕಾಣುವುದಿಲ್ಲ.

ಕನ್ನಡ ಮಾಧ್ಯಮದ ಮನೆಗಳಿಗೆ ಇದು ಏಕೆ ಮುಖ್ಯವೆಂದು ಆರಂಭದಲ್ಲಿ ಹೇಳಿದ್ದೆ. ನಮ್ಮ ಮಕ್ಕಳು ಸಂತೆಯಲ್ಲಿ ತೆಲುಗು ಆಡುತ್ತಾರೆ, ಕೆಲವು ಓಣಿಗಳಲ್ಲಿ ಉರ್ದು. ಅದರಲ್ಲಿ ಕೊರತೆಯೇನಿಲ್ಲ, ಅದು ನಮ್ಮ ಸೀಮೆಯ ಸಂಪತ್ತು. ಆದರೆ ಕನ್ನಡ ಅವರಿಗೆ ಪಾಠ ಒಪ್ಪಿಸುವ ಭಾಷೆಯಾಗಿ ಮಾತ್ರ ಉಳಿದರೆ ಬಡವಾಗುತ್ತದೆ. ವಾದಿಸುವ, ಪ್ರಮಾಣ ಕೊಡುವ, ಒಪ್ಪಿಸುವ, ಒಪ್ಪದಿರುವ ಭಾಷೆಯೂ ಅದಾಗಬೇಕು. ‘ನೀನು ಮೊದಲು ಹುಲಿ ನಡೆಸಿದ್ದರೆ ನಾನು ಇಲ್ಲಿ ಇಡುತ್ತಿರಲಿಲ್ಲ, ಆದ್ದರಿಂದ ಎರಡನ್ನೂ ಹಿಂದಕ್ಕೆ ಇಡೋಣ’ ಎಂದು ಒಂಬತ್ತು ವರ್ಷದ ಹುಡುಗಿ ಹೇಳಿದಾಗ ಅವಳ ವಾಕ್ಯದೊಳಗೆ ಷರತ್ತು, ಕಾರಣ, ತೀರ್ಮಾನ ಮೂರೂ ಇವೆ. ಯಾವ ವ್ಯಾಕರಣ ಪಾಠವೂ ಅಷ್ಟು ಸಹಜವಾಗಿ ಇದನ್ನು ಹೊರಡಿಸಲಾರದು. ದೊಡ್ಡವರು ನಡುವೆ ಬಂದು ತೀರ್ಪು ಕೊಟ್ಟೊಡನೆ ಆ ವಾಕ್ಯ ನಿಲ್ಲುತ್ತದೆ. ಮಗು ‘ಹ್ಞೂಂ’ ಎನ್ನುತ್ತದೆ, ಅಷ್ಟೇ. (ಮಕ್ಕಳನ್ನು ಯಾವ ಮಾಧ್ಯಮಕ್ಕೆ ಹಾಕಬೇಕೆಂದು ಹೊರಗೆ ನಿಂತು ಸಲಹೆ ಕೊಡುವವರನ್ನು ದಿನವೂ ಎದುರಿಸುವ ಪಾಲಕರಿಗೆ ಈ ಕಷ್ಟವನ್ನು ಹೆಚ್ಚು ವಿವರಿಸಬೇಕಿಲ್ಲ.)

ಆಟದ ಮಾತುಗಳೂ ಅಲ್ಲಿಯೇ ಬದುಕಿವೆ. ಮನೆ ಮುಟ್ಟಿದ ಕಾಯಿ ಹಣ್ಣಾಗುತ್ತದೆ; ತೆಲುಗಿನಲ್ಲಿಯೂ ಅದು ಪಂಡು. ಕಾಯಿ, ಹಣ್ಣು, ಕಟ್ಟೆ, ಕಡಿ, ನಡೆ, ಗರ: ಪಠ್ಯಪುಸ್ತಕ ಈ ಅರ್ಥಗಳನ್ನು ಕಲಿಸುವುದಿಲ್ಲ. ಅಜ್ಜಿಯೊಬ್ಬರು ತೀರಿಕೊಂಡರೆ ಒಂದು ಓಣಿಯ ಚೌಕಾಬಾರದ ನಿಯಮವೇ ಹೋಗಬಹುದು, ಅದು ಹೋಯಿತೆಂದು ಯಾರಿಗೂ ತಿಳಿಯುವುದೂ ಇಲ್ಲ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರು (1794–1868) ಮಣೆಯಾಟಗಳನ್ನು ಪ್ರೀತಿಸಿದರಷ್ಟೇ ಅಲ್ಲ, ಅವುಗಳನ್ನು ಬರಹಕ್ಕೆ ಇಳಿಸಿದರು. ಅವರ ಶ್ರೀತತ್ತ್ವನಿಧಿಯ ಒಂಬತ್ತು ನಿಧಿಗಳಲ್ಲಿ ಕೊನೆಯದಾದ ಕೌತುಕನಿಧಿ ಆಟಗಳಿಗೆ ಮೀಸಲು. ಚದುರಂಗದ ಅರವತ್ತನಾಲ್ಕು ಮನೆಗಳನ್ನೂ ಕುದುರೆ ಒಮ್ಮೊಮ್ಮೆ ಮಾತ್ರ ಮುಟ್ಟುವ ಬಗೆಯನ್ನು ಅವರು ಬಿಡಿಸಿದ್ದು ಇಂದಿಗೂ ಪ್ರಸಿದ್ಧ. ಅರಮನೆಯ ಆಟಕ್ಕೆ ರಾಜನೇ ಬರಹಗಾರನಾಗಿ ಸಿಕ್ಕ. ಕಟ್ಟೆಯ ಆಟಕ್ಕೆ ಐದನೆಯ ತರಗತಿಯ ಮಗುವಾದರೂ ಸಿಗಬೇಕು.

ಅದಕ್ಕಾಗಿ ಈ ರಜೆಯಲ್ಲಿ ಪ್ರತಿ ಮನೆಯಲ್ಲೂ ಒಂದು ಹಳೆಯ ನೋಟುಪುಸ್ತಕದ ಉಳಿದ ಹಾಳೆಗಳನ್ನು ಆಟದ ಪುಸ್ತಕವನ್ನಾಗಿ ಮಾಡಲು ಮಕ್ಕಳಿಗೆ ಹೇಳಿರಿ. ಮೊದಲ ಪುಟದಲ್ಲಿ ಮಣೆಯ ಚಿತ್ರ. ಕೆಳಗೆ ಹೇಳಿದವರ ಹೆಸರು, ಅವರು ಆಡಿ ಬೆಳೆದ ಊರು. ಆಮೇಲೆ ಆ ಹಿರಿಯರ ಬಾಯಿಂದ ಕೇಳಿದ ನಿಯಮಗಳು, ಅವರ ಮಾತಿನಲ್ಲಿಯೇ. ಶಾಲೆಯ ಕನ್ನಡಕ್ಕೆ ತಿದ್ದುವುದು ಬೇಡ. ಮಕ್ಕಳಿಗೆ ಕೇಳಲು ಪ್ರಶ್ನೆ ಹೊಳೆಯದಿದ್ದರೆ ಈ ಲೇಖನದಲ್ಲಿ ಬಂದವೇ ಸಾಕು: ಹುಲಿ ಎರಡು ಹಾರುತ್ತದೆಯೇ, ಎಷ್ಟು ಕುರಿ ಸತ್ತರೆ ಸೋಲು, ಮೂರು ಸಲ ಸತತ ಚೌಕ ಬಿದ್ದರೆ ಏನು, ಕಡಿಯದೆ ಒಳಗೆ ಹೋಗಬಹುದೇ. ಎರಡು ಮನೆಗಳ ಉತ್ತರ ಬೇರೆ ಬಂದರೆ ಎರಡನ್ನೂ ಬರೆಯಲಿ. ಜೂನ್ ತಿಂಗಳಲ್ಲಿ ಶಾಲೆ ತೆರೆದಾಗ ಆ ಹಾಳೆಗಳನ್ನು ತರಲಿ. ಮಧ್ಯಾಹ್ನದ ಊಟದ ನಂತರ ಯಾವ ಊರಿನ ಆಟವನ್ನು ಮೊದಲು ಆಡಬೇಕೆಂದು ಅವರೇ ಕವಡೆ ಹಾಕಿ ತೀರ್ಮಾನಿಸುತ್ತಾರೆ.